ವೈರು ಸಿಕ್ಕಿಸುವ ಮೊದಲು

ಗಿಟಾರ್ ಅಂಗಡಿಯ ಗೋಡೆಯಲ್ಲಿ ಕೆಳಸಾಲು ಹೊಸದಾಗಿ ಕಲಿಯುವ ಮಕ್ಕಳದು. ಎಲ್ಲಕ್ಕಿಂತ ಮೇಲಿನದು ಲಕ್ಷ ದಾಟಿದವುಗಳದು. ಅವನ್ನು ಇಳಿಸಿಕೊಡಿ ಎಂದು ಕೇಳಬೇಕಾದರೆ ಕೊಳ್ಳುವ ಮನಸ್ಸು ಗಟ್ಟಿಯಿರಬೇಕು. ನನಗೆ ಅಕ್ಕರೆಯಿರುವುದು ನಡುವಿನ ಸಾಲಿನ ಮೇಲೆ. 20 ಸಾವಿರದಿಂದ 45 ಸಾವಿರ ರೂಪಾಯಿಯೊಳಗಿನ, ಹೊಟ್ಟೆಯಲ್ಲಿ ದನಿ ಹಿಡಿಯುವ ಪಿಕಪ್ ಇಟ್ಟುಕೊಂಡ, ಅಂಗಡಿಯವರು ‘ಸೆಮಿ ಅಕೂಸ್ಟಿಕ್’ ಎನ್ನುವ ಗಿಟಾರುಗಳು ಅಲ್ಲಿವೆ. ಅವನ್ನು ಕೊಳ್ಳಲು ಬರುವವರ ಮುಖ ನೋಡುವುದೇ ಒಂದು ಖುಷಿ. ಹಗಲೆಲ್ಲ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಸಂಜೆ ಭಾವಗೀತೆಯ ತಂಡದೊಡನೆ ವೇದಿಕೆ ಹತ್ತುವವರು, ಚರ್ಚಿನ ಗಾಯಕವೃಂದಕ್ಕೆ ನುಡಿಸುವವರು, ಕಾಲೇಜಿನ ಬ್ಯಾಂಡಿನ ಹುಡುಗರು. ವರ್ಷಗಟ್ಟಲೆ ಉಳಿಸಿದ ದುಡ್ಡು ಜೇಬಿನಲ್ಲಿರುತ್ತದೆ. ರಾತ್ರಿ ಊಟವಾದ ಮೇಲೆ ಮಂಚದ ಅಂಚಿನಲ್ಲಿ ಕೂತು ನುಡಿಸುವುದಕ್ಕೂ ಅದೇ ಗಿಟಾರ್ ಬೇಕು, ನವೆಂಬರಿನಲ್ಲಿ ರಾಜ್ಯೋತ್ಸವದ ಪೆಂಡಾಲಿಗೂ ಅದೇ ಬೇಕು. ಎರಡನೆಯದನ್ನು ಕೊಳ್ಳುವ ಮಾತು ಸದ್ಯಕ್ಕಂತೂ ಇಲ್ಲ. ಆದ್ದರಿಂದ ಈ ಸಾಲಿನ ಮುಂದೆ ನಿಂತವರು ಆತುರಪಡುವುದಿಲ್ಲ, ಪಡಲೂಬಾರದು.

ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಮಾತೊಂದೇ. ವೈರು ಸಿಕ್ಕಿಸುವ ಮೊದಲು ನುಡಿಸಿ ನೋಡಿ. ಅಂಗಡಿಯ ಹುಡುಗ ಪ್ರೀತಿಯಿಂದಲೇ ಆಂಪ್ಲಿಫೈಯರ್ ಹತ್ತಿರ ಸ್ಟೂಲು ಎಳೆದು, ಒಂದಿಷ್ಟು ರಿವರ್ಬ್ ಬೆರೆಸಿ, ‘ಕೇಳಿ ಸರ್’ ಎನ್ನುತ್ತಾನೆ. ರಿವರ್ಬ್ ಬೆರೆತರೆ ಯಾವ ಗಿಟಾರೂ ಚೆನ್ನಾಗಿಯೇ ಕೇಳಿಸುತ್ತದೆ. ವೇದಿಕೆಯ ಮೇಲೆ ಗಿಟಾರ್ ಇರುವುದು ತಿಂಗಳಿಗೆ ಒಂದೆರಡು ಸಂಜೆ. ಮನೆಯಲ್ಲಿ ನಮ್ಮ ಕೈಯಲ್ಲಿ ಇರುವುದು ದಿನವೂ. ಪಿಕಪ್ ಹಿಡಿಸದಿದ್ದರೆ ಮುಂದೆ ಯಾವತ್ತೋ ಬೇರೆಯದು ಹಾಕಿಸಬಹುದು. ಮರವನ್ನಾಗಲಿ ನೆಕ್ಕನ್ನಾಗಲಿ ಹಾಗೆ ಬದಲಾಯಿಸಲಾಗುವುದಿಲ್ಲ.

ದನಿ ಹುಟ್ಟುವುದು ಮುಂದಿನ ಹಲಗೆಯಲ್ಲಿ. ಆರು ತಂತಿಗಳ ಸೆಳೆತ ಒಟ್ಟುಗೂಡಿದರೆ 70 ಕಿಲೋ ಮೀರುತ್ತದೆ, ಅಂದರೆ ಒಬ್ಬ ದೊಡ್ಡ ಆಳಿನ ಭಾರ. ಸುಮಾರು ಮೂರು ಮಿಲಿಮೀಟರ್ ದಪ್ಪದ ಹಲಗೆ ಆ ಭಾರವನ್ನು ಹಗಲೂ ರಾತ್ರಿ ತಡೆದುಕೊಂಡಿರಬೇಕು, ಬೆರಳು ತಾಗಿದೊಡನೆ ನಡುಗಲೂಬೇಕು. ಹಗುರವೂ ಬಿಗಿಯೂ ಆದ ಮರ ಇದಕ್ಕೆ ಬೇಕು. ಆದ್ದರಿಂದಲೇ ಹೆಚ್ಚಿನವರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಸಿಟ್ಕಾ ಸ್ಪ್ರೂಸ್ ಬಳಸುತ್ತಾರೆ. ನಮ್ಮ ನಡುವಿನ ಸಾಲಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇಲ್ಲೇ ಇದೆ. ಹಲಗೆ ಇಡೀ ಮರದ್ದೋ, ಪ್ಲೈವುಡ್ಡಿನ ಹಾಗೆ ಪದರ ಅಂಟಿಸಿದ್ದೋ? ಪದರದ್ದು ಗಟ್ಟಿಮುಟ್ಟು, ಮಳೆಬಿಸಿಲಿಗೆ ಬೇಗ ಜಗ್ಗುವುದಿಲ್ಲ. ಆದರೆ ಇಡೀ ಮರದ ಹಲಗೆ ನುಡಿಸುತ್ತಾ ಹೋದಂತೆ ಬಿಚ್ಚಿಕೊಳ್ಳುತ್ತದೆ, ಮೆಲ್ಲಗೆ ನುಡಿಸಿದ್ದಕ್ಕೂ ಗಟ್ಟಿಯಾಗಿ ನುಡಿಸಿದ್ದಕ್ಕೂ ಬೇರೆ ಬೇರೆ ಉತ್ತರ ಕೊಡುತ್ತದೆ. ಈ ಬೆಲೆಗೆ ಸಾಮಾನ್ಯವಾಗಿ ಸಿಗುವುದು ಮುಂದಿನದು ಇಡೀ ಮರ, ಬೆನ್ನು ಮತ್ತು ಪಕ್ಕೆ ಪದರದ್ದು. ಅದು ನ್ಯಾಯವಾದ ಒಪ್ಪಂದ ಎಂದೇ ನನ್ನ ಅಭಿಪ್ರಾಯ.

ಲೇಬಲ್ ಓದದೆಯೂ ಇದನ್ನು ಕಂಡುಹಿಡಿಯಬಹುದು. ನನ್ನ ಅಕ್ಕನ ಮಗಳಿಗೆ ಗಿಟಾರ್ ಕೊಡಿಸಲು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗಿದ್ದೆವು. ಹಾಸನದಲ್ಲಿ ಡಿಗ್ರಿ ಓದುವ ಹುಡುಗಿ, ಚೆನ್ನಾಗಿ ಹಾಡುತ್ತಾಳೆ, ತಾನೇ ನುಡಿಸಿಕೊಂಡು ಹಾಡಬೇಕೆಂಬ ಆಸೆ. ಅವಳ ಕಣ್ಣು ಮೊದಲು ಹೋದದ್ದು ಕಪ್ಪಗೆ ಮಿರುಗುವ, ಪಕ್ಕೆಯಲ್ಲಿ ನೀಲಿ ದೀಪ ಬೆಳಗುವ ಒಂದರ ಮೇಲೆ.

“ಮಾವ, ಇದ್ರಲ್ಲಿ ಟ್ಯೂನರ್ ಕೂಡ ಇದೆ.”

“ಇರಲಿ ಪುಟ್ಟಾ, ಚೆನ್ನಾಗಿದೆ. ಮೊದಲು ಸೌಂಡ್‌ಹೋಲ್ ಅಂಚು ನೋಡು.”

ಮೊಬೈಲಿನ ಟಾರ್ಚ್ ಹಾಕಿಕೊಂಡು ಇಬ್ಬರೂ ಬಗ್ಗಿದೆವು. ಮುಂದಿನ ದುಂಡು ತೂತಿನ ಅಂಚೆಂದರೆ ಹಲಗೆಯನ್ನು ಕೊಯ್ದ ಜಾಗ. ಮೇಲ್ಮೈಯ ಎಳೆಗಳು ಅಲ್ಲಿ ತಿರುಗಿ ಅಂಚಿನ ಕೆಳತುದಿಯವರೆಗೂ ನೇರ ಇಳಿದುಹೋದರೆ ಇಡೀ ಮರ. ಎಳೆ ಅರ್ಧದಲ್ಲೇ ನಿಂತು, ಕೆಳಗೆ ಅಡ್ಡಡ್ಡ ಇನ್ನೊಂದು ಗೆರೆ, ಅದರ ಕೆಳಗೆ ಮತ್ತೊಂದು ಕಂಡರೆ ಪದರ. ಕಪ್ಪು ಗಿಟಾರಿನ ಅಂಚಿಗೂ ಕಪ್ಪು ಬಣ್ಣವೇ ಬಳಿದಿತ್ತು, ಏನೂ ಕಾಣಲಿಲ್ಲ. ಪಕ್ಕದಲ್ಲಿ ತೂಗುತ್ತಿದ್ದ ಮಂಕು ಹಳದಿಯ ಚಿಕ್ಕ ಗಿಟಾರನ್ನು ಇಳಿಸಿ ನೋಡಿದರೆ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಸಮನಾಗಿ ಕೆಳಗಿಳಿದಿದ್ದವು. ಅವಳು ಅದನ್ನು ಮಡಿಲಿಗಿಟ್ಟುಕೊಂಡು ದಪ್ಪ ಇ ತಂತಿಯನ್ನು ಒಮ್ಮೆ ಮೀಟಿ ಕೈ ಬಿಟ್ಟಳು. ದನಿ ಆರುವವರೆಗೂ ತಲೆ ಬಗ್ಗಿಸಿಯೇ ಇದ್ದಳು. ಆಮೇಲೆ, “ಹೊಟ್ಟೆಗೆ ಗೊತ್ತಾಗುತ್ತೆ ಮಾವ” ಎಂದಳು. ಬೆನ್ನಿನ ಹಲಗೆಯ ನಡುಕ ಮೈಗೆ ತಾಗುವುದನ್ನು ಅವಳು ಹೇಳಿದ್ದು. ಕಪ್ಪನೆಯದನ್ನು ಮತ್ತೆ ತೆಗೆದುಕೊಂಡು ಅದನ್ನೂ ಹಾಗೆಯೇ ಮೀಟಿ ನೋಡಿದಳು, ಏನೂ ಹೇಳದೆ ಗೋಡೆಗೆ ತೂಗುಹಾಕಿದಳು.

ಬೆನ್ನು, ಪಕ್ಕೆಯ ಮರದ ಮಾತು ಬಂದಾಗ ಕನ್ನಡದವರು ಸ್ವಲ್ಪ ನಿಲ್ಲಬೇಕು. ಜಗತ್ತಿನ ಗಿಟಾರ್ ಕ್ಯಾಟಲಾಗುಗಳಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದು ಅಚ್ಚಾಗುವುದು ನಮ್ಮ ಬೀಟೆ. ಕೊಡಗಿನ ಕಾಫಿ ತೋಟಗಳಲ್ಲಿ, ಪಶ್ಚಿಮ ಘಟ್ಟದ ಕಾಡುಗಳಲ್ಲಿ ನಿಧಾನವಾಗಿ ಬೆಳೆಯುವ ಮರ. ಮೈಸೂರಿನ ಕುಸುರಿ ಕೆಲಸದವರು ಆನೆ, ಹೂಬಳ್ಳಿಗಳನ್ನು ಕೂರಿಸುವ ಹಲಗೆಯೂ ಅದರದ್ದೇ. 1833ರಿಂದ ಗಿಟಾರ್ ಮಾಡುತ್ತಿರುವ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಮಾದರಿಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿತ್ತು. ಅಲ್ಲಿನ ಒಳ್ಳೆಯ ದಿಮ್ಮಿ ಸಿಗುವುದು ಕಷ್ಟವಾಗಿ 1969ರ ಕೊನೆಯ ಹೊತ್ತಿಗೆ ಬೀಟೆಗೆ ಬಂತು. ಅಂದಿನಿಂದ ಎಷ್ಟೋ ದೇಶಗಳ ಹಾಡುಗಾರರು ಎದೆಗೆ ಆನಿಸಿಕೊಂಡು ನುಡಿಸಿದ್ದು ಈ ಮರವನ್ನು. ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿಯಿಂದ ಬೀಟೆಯ ಕುಲವನ್ನೇ ಪರವಾನಗಿಯ ಪಟ್ಟಿಗೆ ಸೇರಿಸಿದಾಗ ಗಿಟಾರ್ ಮಾಡುವವರೆಲ್ಲ ಚಿಂತೆಗೆ ಬಿದ್ದರು. ಕೆಲವರು ಫ್ರೆಟ್‌ಬೋರ್ಡಿಗೆ ವಾಲ್‌ನಟ್ ಮರ ಹಾಕತೊಡಗಿದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆಯ ಬಗ್ಗೆ ನನಗೆ ಅಭಿಮಾನವಿದೆ, ಹಾಗೆಂದು ನಡುವಿನ ಸಾಲಿನಲ್ಲಿ ಬೀಟೆಯೇ ಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಈ ಬೆಲೆಗೆ ಸಿಗುವುದು ಅದರ ತೆಳ್ಳನೆಯ ಮೇಲ್ಪದರ ಮಾತ್ರ. ನ್ಯಾಟೋ, ಸಪೇಲಿ, ಮಹಾಗನಿ ಯಾವುದಾದರೂ ಸರಿಯೇ. ಮುಂದಿನ ಹಲಗೆ ಚೆನ್ನಾಗಿರಲಿ.

ಮರ ಆದ ಮೇಲೆ ಕೈ. ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್ ಬಳಿ ಅಗಲ 43 ಮಿಲಿಮೀಟರ್ ಇರುವುದು ರೂಢಿ. ಒಂದೊಂದೇ ತಂತಿ ಬಿಡಿಸಿ ನುಡಿಸುವವರಿಗೆ 44 ದಾಟಿದ್ದು ಹಿತ. ಅಂಗೈ ಚಿಕ್ಕದಿದ್ದವರು ತಂತಿಯ ಉದ್ದವನ್ನೂ ನೋಡಬೇಕು. ಯಮಹಾದ ಎಫ್‌ಜಿ ಸಾಲಿನ ದೊಡ್ಡ ಗಿಟಾರಿನಲ್ಲಿ ನಟ್ಟಿನಿಂದ ತಂತಿಯ ಇನ್ನೊಂದು ತುದಿ ಕೂರುವ ಸ್ಯಾಡಲಿನವರೆಗೆ 650 ಮಿಲಿಮೀಟರ್, ಎಫ್ಎಸ್ ಸಾಲಿನ ಚಿಕ್ಕದರಲ್ಲಿ 634. ಹದಿನಾರು ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಎಫ್ ಕಾರ್ಡ್ ಹಿಡಿದು ಒಂದು ಪೂರ್ತಿ ಪಲ್ಲವಿ ನುಡಿಸಿದರೆ ಬೆರಳಿಗೆ ತಿಳಿಯುತ್ತದೆ.

ನಮ್ಮ ಸುಗಮ ಸಂಗೀತದವರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಅದು ಕ್ಯಾಪೊ ಪರೀಕ್ಷೆ; ಕ್ಯಾಪೊ ಎಂದರೆ ಒಂದು ಫ್ರೆಟ್ಟಿನಲ್ಲಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು. ಹಾಡುವವರ ಶ್ರುತಿ ನಾವು ಹೇಳಿದ ಹಾಗೆ ಇರುವುದಿಲ್ಲ. ಗಂಡಸರು ಒಂದೂವರೆ ಎನ್ನುತ್ತಾರೆ, ಅಂದರೆ ಸಿ ಶಾರ್ಪ್. ಹೆಂಗಸರು ಐದೂವರೆ ಎನ್ನುತ್ತಾರೆ, ಅಂದರೆ ಜಿ ಶಾರ್ಪ್. ನಾಲ್ಕನೆಯ ಫ್ರೆಟ್ಟಿಗೆ ಕ್ಯಾಪೊ ಬಿಗಿದರೆ ಎರಡೂ ಸಿಗುತ್ತವೆ: ಎ ಕಾರ್ಡಿನ ಹಿಡಿತ ಒಂದೂವರೆಗೆ, ಇ ಕಾರ್ಡಿನದು ಐದೂವರೆಗೆ. ಹಾಗಾಗಿ ಅಂಗಡಿಯಲ್ಲೇ ನಾಲ್ಕನೆಯ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಆರೂ ತಂತಿಗಳನ್ನು ಮೊಬೈಲಿನ ಟ್ಯೂನರಿನಲ್ಲಿ ನೋಡಬೇಕು. ತಂತಿ ಫ್ರೆಟ್ಟಿನಿಂದ ಬಹಳ ಎತ್ತರದಲ್ಲಿದ್ದರೆ ಕ್ಯಾಪೊ ಅದನ್ನು ಒತ್ತುವಾಗಲೇ ಎಳೆದು ಸ್ವರವನ್ನು ಏರಿಸಿಬಿಡುತ್ತದೆ. ಹಾರ್ಮೋನಿಯಂ, ಕೊಳಲಿನ ಜೊತೆ ಕೂತಾಗ ಆ ಕೂದಲೆಳೆಯ ವ್ಯತ್ಯಾಸ ಸಭೆಗೆಲ್ಲ ಕೇಳುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಬಳಿ ದಪ್ಪ ತಂತಿ ಎರಡರಿಂದ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಹದ. ಕಾರ್ಖಾನೆಯಿಂದ ಬಂದ ಹೊಸ ಗಿಟಾರು ಬಹುಪಾಲು ಇದಕ್ಕಿಂತ ಎತ್ತರವೇ ಇರುತ್ತದೆ. ಸೆಟಪ್ ಮಾಡುವವರ ಬಳಿ ಸರಿಯಾಗುವಂಥದ್ದೇ, ಅದಕ್ಕಾಗಿ ಒಳ್ಳೆಯ ಗಿಟಾರನ್ನು ಬಿಟ್ಟುಬರಬೇಕಿಲ್ಲ. ನೆಕ್ ತಿರುಚಿದ್ದರೆ ಮಾತ್ರ ಮುಟ್ಟಬೇಡಿ.

ಇನ್ನು ವೈರು ಸಿಕ್ಕಿಸಬಹುದು.

ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಗುಂಡಿ ಒತ್ತಿದಾಗ ಕಿಡಿ ಹಾರುತ್ತದಲ್ಲ, ಗಿಟಾರಿನ ಪಿಕಪ್ಪಿನಲ್ಲಿ ನಡೆಯುವುದೂ ಅದೇ ಕ್ರಿಯೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ತೋರಿಸಿಕೊಟ್ಟರು. ಪಿಯೆಜೊ ಎಂಬುದು ಇದೇ. ತಂತಿ ಕೂರುವ ಸ್ಯಾಡಲ್ ಪಟ್ಟಿಯ ಕೆಳಗೆ ತೆಳ್ಳನೆಯ ಪಿಯೆಜೊ ಪಟ್ಟಿ ಇಟ್ಟರೆ ತಂತಿಯ ನಡುಕದ ಒತ್ತಡವೇ ವಿದ್ಯುತ್ತಾಗುತ್ತದೆ. ಪಕ್ಕೆಯಲ್ಲಿರುವ ಪ್ರೀಆಂಪ್ ಒಂಬತ್ತು ವೋಲ್ಟಿನ ಬ್ಯಾಟರಿಯ ಬಲದಿಂದ ಅದನ್ನು ಹಿಗ್ಗಿಸಿ ಹೊರಗೆ ಕಳಿಸುತ್ತದೆ. ಇದನ್ನು ವೇದಿಕೆಗೆ ತಂದವರಲ್ಲಿ ಮುಂದಿದ್ದದ್ದು ಅಮೆರಿಕದ ಒವೇಶನ್. ಹೆಲಿಕಾಪ್ಟರ್ ತಯಾರಕ ಚಾರ್ಲ್ಸ್ ಕಾಮನ್ 1960ರ ದಶಕದಲ್ಲಿ ಕಟ್ಟಿದ ಕಂಪನಿ ಅದು. ಬೆನ್ನಿಗೆ ಮರದ ಬದಲು ಬಟ್ಟಲಿನಾಕಾರದ ಫೈಬರ್ ಹಾಕಿದರು. ಜಪಾನಿನ ಟಕಮಿನೆ ತಂತಿಗೊಂದರಂತೆ ಆರು ಹರಳು ಕೂರಿಸಿತು. ಅದಕ್ಕೂ ಮೊದಲಿನ ಹೆಚ್ಚಿನ ಹಾಡುಗಾರರು ಮೈಕಿನ ಮುಂದೆ ಗಿಟಾರನ್ನು ಹಿಡಿದು ಅಲುಗಾಡದೆ ನಿಲ್ಲಬೇಕಿತ್ತು. ವೇದಿಕೆಯ ಮೇಲೆ ಈಗ ಹಾಡುತ್ತಾ ನಾಲ್ಕು ಹೆಜ್ಜೆ ಆಚೀಚೆ ಹೋಗಿ ತಬಲಾದವರ ಮುಖ ನೋಡಿ ನಗಲು ಸಾಧ್ಯವಾದದ್ದು ಆ ಪುಟ್ಟ ಪಟ್ಟಿಯಿಂದ.

ಪಿಯೆಜೊ ದನಿಯಲ್ಲಿ ಒಂದು ಕೊರತೆಯಿದೆ. ಜೋರಾಗಿ ಬಾರಿಸಿದಾಗ ತಂತಿಯ ತುದಿಯ ಟಕಟಕ ಮುಂದೆ ಬಂದು, ಮರದ ತುಂಬು ದನಿ ಹಿಂದೆ ಸರಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಈಕ್ವಲೈಜರ್ ಗುಂಡಿಗಳನ್ನೆಲ್ಲ ನಡುಮಟ್ಟಕ್ಕೆ ಇಟ್ಟು, ರಿವರ್ಬ್ ನಿಲ್ಲಿಸಿ, ಆರು ತಂತಿಗಳನ್ನೂ ಒಂದೇ ಬಲದಲ್ಲಿ ಒಂದೊಂದಾಗಿ ಮೀಟಿ. ಯಾವುದೋ ಒಂದು ತಂತಿ ಮುಂದೆ ನುಗ್ಗಿದರೆ ಅಥವಾ ಹಿಂದೆ ಉಳಿದರೆ ಸ್ಯಾಡಲ್ ಸರಿಯಾಗಿ ಕೂತಿಲ್ಲ. ಆಮೇಲೆ ಜೋರಾಗಿ ಸ್ಟ್ರಮ್ ಮಾಡಿ. ಮಿಡ್ ಎಂಬ ಗುಂಡಿಯನ್ನು ಒಂಚೂರು ಇಳಿಸಿದಾಗ ಆ ಟಕಟಕ ಶಾಂತವಾದರೆ ಅದು ಕೆಲಸಕ್ಕೆ ಬರುವ ಪ್ರೀಆಂಪ್. ಬಾಸ್, ಮಿಡ್, ಟ್ರೆಬಲ್, ಒಂದು ಫೇಸ್ ಗುಂಡಿ, ಒಂದು ಟ್ಯೂನರ್. ಇಷ್ಟಿದ್ದರೆ ನಮಗೆ ಧಾರಾಳ. ಈಗೀಗ ಗಿಟಾರಿನೊಳಗೇ ಕೋರಸ್, ಡಿಲೇ ತುಂಬಿ ಮಾರುತ್ತಾರೆ. ಅದೇ ಹಣ ಹಲಗೆಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ವೇದಿಕೆಯ ದೊಡ್ಡ ಕಾಟವೆಂದರೆ ಫೀಡ್‌ಬ್ಯಾಕ್. ಸುಗಮ ಸಂಗೀತದ ವೇದಿಕೆಯನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ: ಬಲಕ್ಕೆ ತಬಲಾ, ಎಡಕ್ಕೆ ಕೀಬೋರ್ಡ್, ಹಿಂದೆ ರಿದಂ ಪ್ಯಾಡ್, ಕಾಲ ಬುಡದಲ್ಲಿ ಮಾನಿಟರ್ ಬಾಕ್ಸು. ದೊಡ್ಡ ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರವಿದೆ, ಸುಮಾರು 100 ಹರ್ಟ್ಸ್. ದಪ್ಪ ಇ ತಂತಿ 82, ಎ ತಂತಿ 110. ಇವೆರಡರ ನಡುವೆ ಅದು ಕಾದು ಕೂತಿರುತ್ತದೆ. ಮಾನಿಟರಿನಿಂದ ತಬಲಾದ ಎಡದ ಗುಂಕಿ ಬಂದು ತಾಗಿದರೆ ಸಾಕು, ಹಲಗೆ ತಾನೇ ನಡುಗುತ್ತದೆ, ಪಿಕಪ್ ಆ ನಡುಕವನ್ನು ಹಿಡಿದು ಮತ್ತೆ ಮಾನಿಟರಿಗೆ ಕಳಿಸುತ್ತದೆ, ಸುತ್ತಿ ಸುತ್ತಿ ಅದು ‘ಹೂಂ’ ಎಂದು ಸಭಾಂಗಣವನ್ನೆಲ್ಲ ತುಂಬಿಬಿಡುತ್ತದೆ. ಮಾರ್ಟಿನ್‌ನವರು 1916ರಲ್ಲಿ ಡಿಟ್ಸನ್ ಎಂಬ ಅಂಗಡಿಗಾಗಿ ಮಾಡಿಕೊಟ್ಟ, ಬ್ರಿಟಿಷ್ ಯುದ್ಧನೌಕೆಯ ಹೆಸರು ಹೊತ್ತ ಡ್ರೆಡ್‌ನಾಟ್ ಎಂಬ ವಿಶಾಲ ಆಕಾರ ಮೈಕಿಲ್ಲದ ಕಾಲದ್ದು. ದೊಡ್ಡ ದನಿಗಾಗಿಯೇ ಹುಟ್ಟಿದ್ದು. ಬಿಡಿಯಾಗಿ ನುಡಿಸಿದರೆ ಇವತ್ತಿಗೂ ಅದರ ಗಾಂಭೀರ್ಯವೇ ಬೇರೆ. ಆದರೆ ಪೆಂಡಾಲಿನ ಮಾನಿಟರಿನ ಮುಂದೆ ಅದಕ್ಕೇ ಮೊದಲು ಕಾಟ.

ಇದಕ್ಕೆ ಔಷಧಿಗಳಿವೆ. ಸೌಂಡ್‌ಹೋಲಿಗೆ ಕೂರುವ ರಬ್ಬರ್ ಮುಚ್ಚಳ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗಿಟಾರ್ ಬ್ಯಾಗಿನಲ್ಲಿ ಒಂದು ಸದಾ ಇರಲಿ. ದನಿಯ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಮಾನಿಟರಿಗೆ ಎದೆಯೊಡ್ಡಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ಸೌಂಡ್‌ನವರ ಹತ್ತಿರ ಕಾರ್ಯಕ್ರಮಕ್ಕೆ ಮೊದಲೇ ಹೋಗಿ, “ಅಣ್ಣಾ, ಗಿಟಾರ್ ಚಾನೆಲ್ಲಲ್ಲಿ ನೂರರ ಹತ್ರ ಸ್ವಲ್ಪ ಕಟ್ ಮಾಡಿ” ಎಂದು ವಿನಯದಿಂದ ಕೇಳಿಕೊಂಡರೆ ಅವರು ಖಂಡಿತ ಮಾಡಿಕೊಡುತ್ತಾರೆ. ಇಂಥದ್ದನ್ನು ಹೆಸರು ಹೇಳಿ ಕೇಳುವವರನ್ನು ಕಂಡರೆ ಅವರಿಗೂ ಸಂತೋಷ. ಇನ್ನೊಂದು ದಾರಿ ತೆಳುಮೈಯ ಗಿಟಾರ್. ಯಮಹಾ 1987ರಲ್ಲಿ ಎಪಿಎಕ್ಸ್ ಎಂಬ ಸಾಲನ್ನು ಹೊರತಂದಿದ್ದು ವೇದಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು. ಹೊಟ್ಟೆ ಚಿಕ್ಕದಾದಷ್ಟೂ ಕಾಟ ಕಡಿಮೆ, ನಿಂತು ನುಡಿಸಲು ಹಗುರ. ಈ ಸಾಲಿನ ಕಡಿಮೆ ಬೆಲೆಯ ಎಪಿಎಕ್ಸ್ 600ರಲ್ಲಿ ಮುಂದಿನ ಹಲಗೆ ಪದರದ್ದು, ಮನೆಯಲ್ಲಿ ವೈರಿಲ್ಲದೆ ನುಡಿಸಿದರೆ ದನಿ ತೆಳು. ವಾರವಾರವೂ ವೇದಿಕೆಯಿರುವ ವೃತ್ತಿಪರರು ಕಣ್ಣುಮುಚ್ಚಿ ಅದನ್ನು ಕೊಳ್ಳಲಿ. ಮನೆಯ ಅಭ್ಯಾಸವೇ ಹೆಚ್ಚಾಗಿರುವವರಿಗೆ ಅದು ನನ್ನ ಸಲಹೆಯಲ್ಲ.

ಕೊಂಡ ಮೇಲಿನ ಜೋಪಾನ ನಮ್ಮ ನಾಡಿನಲ್ಲಿ ಊರೂರಿಗೆ ಬೇರೆ. ಗಿಟಾರಿಗೆ ಹಿತವಾದ ಗಾಳಿಯ ತೇವ ಶೇಕಡ 45ರಿಂದ 55. ಮಂಗಳೂರಿನ ಆಷಾಢದಲ್ಲಿ ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್ಟುಗಳ ತುದಿ ಪಕ್ಕಕ್ಕೆ ಚಾಚಿ ಅಂಗೈಯನ್ನು ಗೀರುತ್ತದೆ. ಇನ್ನೂ ಒಣಗಿದರೆ ಇಡೀ ಮರದ ಹಲಗೆ ಸೀಳುವುದೂ ಉಂಟು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಗಿಟಾರ್ ಬಿಡಲೇಬಾರದು. ಒಂದು ಒಳ್ಳೆಯ ದಪ್ಪ ಬ್ಯಾಗು, ಒಳಗೊಂದು ತೇವ ಅಳೆಯುವ ಪುಟ್ಟ ಮೀಟರು, ಇಷ್ಟರಿಂದ ಅದರ ಆಯುಷ್ಯ ಎಷ್ಟೋ ವರ್ಷ ಹೆಚ್ಚುತ್ತದೆ. ನುಡಿಸಿ ಮುಗಿದ ಮೇಲೆ ವೈರನ್ನು ತಪ್ಪದೆ ಕೀಳಿ. ಆ ಜ್ಯಾಕೇ ಬ್ಯಾಟರಿಯ ಸ್ವಿಚ್ಚು. ಸಿಕ್ಕಿಸಿಟ್ಟರೆ ರಾತ್ರಿಯಿಡೀ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ವೇದಿಕೆಯ ದಿನ ಹೊಸ ಬ್ಯಾಟರಿಯೊಂದು ಜೇಬಿನಲ್ಲಿರಬೇಕು.

ಅಕ್ಕನ ಮಗಳು ಕೊನೆಗೆ ಮನೆಗೆ ತಂದದ್ದು ಆ ಮಂಕು ಹಳದಿಯ ಚಿಕ್ಕ ಗಿಟಾರನ್ನೇ. ದೀಪವಿಲ್ಲ, ಮಿರುಗಿಲ್ಲ. ಮುಂದೆ ಇಡೀ ಸ್ಪ್ರೂಸ್ ಹಲಗೆ, 634ರ ತಂತಿ, ಮೂರು ಗುಂಡಿಯ ಸಾದಾ ಪ್ರೀಆಂಪ್, ಮೇಲಿನ ಫ್ರೆಟ್ಟುಗಳಿಗೆ ಕೈ ಹೋಗಲು ಒಂದು ಕಡೆ ಕೊರೆದ ಭುಜ. ನಡುವಿನ ಸಾಲಿನಲ್ಲಿ ಮನೆಗೂ ವೇದಿಕೆಗೂ ಒಂದೇ ಗಿಟಾರ್ ಬೇಕೆನ್ನುವವರಿಗೆ ನನ್ನ ಆಯ್ಕೆಯೂ ಇದೇ ಬಗೆಯದು, ಹೆಸರು ಯಾವ ಕಂಪನಿಯದಾದರೂ ಆಗಲಿ. ಯಮಹಾದ ಎಫ್ಎಸ್ಎಕ್ಸ್ 800ಸಿ ಇದಕ್ಕೆ ಒಳ್ಳೆಯ ಉದಾಹರಣೆ; ಕೊರ್ಟ್ ಕಂಪನಿಯಲ್ಲೂ ಇಡೀ ಹಲಗೆಯವು ಸಿಗುತ್ತವೆ. ಡ್ರೆಡ್‌ನಾಟಿನ ಗಾಂಭೀರ್ಯ ಇದರಲ್ಲಿ ಸ್ವಲ್ಪ ಕಡಿಮೆ. ಹಾಡುವವರ ದನಿಗೆ ಜಾಗ ಬಿಟ್ಟುಕೊಡುವ ಗುಣ ಹೆಚ್ಚು. ಜೊತೆವಾದ್ಯಕ್ಕೆ ಬೇಕಾದದ್ದು ಆ ಗುಣ.

ನೀವೂ ಕೊಳ್ಳಲು ಹೊರಟಿದ್ದರೆ ಒಂದು ಕೋರಿಕೆ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಂಗಡಿಗೆ ಹೋಗಿ. ಆಗ ಗದ್ದಲವಿರುವುದಿಲ್ಲ, ಕಿವಿಯೂ ದಣಿದಿರುವುದಿಲ್ಲ. ಒಂದೇ ಮಾದರಿಯ ಎರಡು ಗಿಟಾರ್ ಇದ್ದರೆ ಎರಡನ್ನೂ ನುಡಿಸಿ ನೋಡಿ, ಮರ ಒಂದರಂತೆ ಇನ್ನೊಂದಿರುವುದಿಲ್ಲ. ಕ್ಯಾಪೊ ಮತ್ತು ನೀವು ಎಂದಿನಂತೆ ಹಾಡುವ ಹಾಡು ಜೊತೆಗಿರಲಿ. ಇಟ್ಟ ಹಣದಲ್ಲಿ ಎರಡು ಮೂರು ಸಾವಿರ ರೂಪಾಯಿಯನ್ನು ಸೆಟಪ್‌ಗೂ ಹೊಸ ತಂತಿಗೂ ಎತ್ತಿಡಿ, ಅದನ್ನು ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ.